ಬಿಸಿಲಿಗೆ ಬಂದ ಮದುಮಗಳು

(ಹೊಸ ಛಾಯಾಗ್ರಾಹಕರ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ನಿನ್ನೆ ಸಂಜೆ ನಿಮ್ಮಲ್ಲೊಬ್ಬರು ತಾವು ಮಾಡಿದ ಮೊದಲ ಮದುವೆ ಆಲ್ಬಂ ತಂದು ತೋರಿಸಿದರು. ಕಳೆದ ವೈಶಾಖದಲ್ಲಿ, ಊರಾಚೆಯ ಮಾವಿನ ತೋಪಿನ ಬಳಿ ಮದುಮಗಳನ್ನು ನಿಲ್ಲಿಸಿ ತೆಗೆದ ಚಿತ್ರಗಳು. ಧಾರೆ ಮುಗಿದು ಊಟಕ್ಕೆ ಎಲೆ ಹಾಕುವ ಮೊದಲು ಸಿಕ್ಕ ಅರ್ಧ ಗಂಟೆಯಲ್ಲಿ ತೆಗೆದವು. ಸೀರೆಯ ಜರಿ ಥಳಥಳಿಸುತ್ತದೆ, ಹಿಂದಿನ ಆಕಾಶ ಬೆಳ್ಳಗಿದೆ, ಮುಖ ಮಾತ್ರ ಕಪ್ಪು, ಕಣ್ಣುಗಳಿರುವಲ್ಲಿ ಎರಡು ಕುಳಿ. ಆತ ಕಂಪ್ಯೂಟರ್ ಮುಂದೆ ಕೂತು ಎರಡು ರಾತ್ರಿ ಆ ಮುಖವನ್ನು ಬೆಳ್ಳಗೆ ಮಾಡಿದರು. ಆಲ್ಬಂ ತಿರುವಿದ ಹುಡುಗಿಯ ಅಜ್ಜಿ, "ಸೀರೆ ನಮ್ಮದೇ, ಹುಡುಗಿ ಯಾರು?" ಎಂದರಂತೆ. ನೀವೆಲ್ಲ ನಕ್ಕಿರಿ. ನನಗೆ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ಅದಕ್ಕೆ ಉತ್ತರ ಹುಡುಕಹೊರಟರೆ ಸೂರ್ಯನಿಂದಲೂ ಶುರು ಮಾಡಬೇಕು, ನಮ್ಮ ಕಸುಬಿನ ಚರಿತ್ರೆಯಿಂದಲೂ ಶುರು ಮಾಡಬೇಕು.

ಮೊದಲು ಸೂರ್ಯ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪ್ರತಿ ವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ, ಮಧ್ಯಾಹ್ನ ಹನ್ನೆರಡೂಕಾಲು ದಾಟಿದ ಹೊತ್ತಿಗೆ, ಸೂರ್ಯ ಅಲ್ಲಿ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಉತ್ತರಕ್ಕೆ ಹೋದಂತೆ ಈ ದಿನವೂ ಮುಂದೆ ಸರಿದು ಕಲಬುರಗಿಗೆ ಮೇ ಎರಡನೆಯ ವಾರದಲ್ಲಿ ಬರುತ್ತದೆ. ನಮ್ಮ ಮದುವೆಗಳ ಸುಗ್ಗಿ ಇರುವುದೂ ಸರಿಯಾಗಿ ಇದೇ ವಾರಗಳಲ್ಲಿ. ಅದರ ಮೇಲೆ ಪುರೋಹಿತರಿಗೆ ಪ್ರಿಯವಾದ ಅಭಿಜಿನ್ ಲಗ್ನವೆಂದರೆ ನಡುಮಧ್ಯಾಹ್ನ! ಪಂಚಾಂಗ ಬರೆದವರು ಛಾಯಾಗ್ರಾಹಕರನ್ನು ಕೇಳಿ ಬರೆಯಲಿಲ್ಲ. ಬೆಳಕು ನೆತ್ತಿಯಿಂದ ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಬಾಸಿಂಗ ಕಟ್ಟಿದ್ದರೆ ಅದರದೂ ಒಂದು ಪಾಲು. ಈ ಬಿಸಿಲಿನಲ್ಲಿ ಯಾರನ್ನು ನಿಲ್ಲಿಸಿದರೂ ಮುಖ ಕಪ್ಪಾಗಿಯೇ ಬರುತ್ತದೆ. ಅದರಲ್ಲಿ ಹುಡುಗಿಯ ಬಣ್ಣದ ಪಾತ್ರವಿಲ್ಲ.

ಇನ್ನು ಚರಿತ್ರೆ. ಫೋಟೋಗ್ರಫಿಯ ವಿಧಾನ ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಹದಿನೈದು ವರ್ಷ ಕಳೆಯುವುದರೊಳಗೆ ಅದು ನಮ್ಮ ನಾಡಿಗೂ ಬಂದಿತ್ತು. ಲಿನಿಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ; ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯನ್ನು ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದ. ಎಲ್ಲವೂ ಹೊರಾಂಗಣದ ಚಿತ್ರಗಳೇ. ಕಲ್ಲು ಕದಲುವುದಿಲ್ಲ, ಬಿಸಿಲಿಗೆ ಬೆವರುವುದಿಲ್ಲ, ಅದಕ್ಕೆ ಮರ್ಯಾದೆಯ ಪ್ರಶ್ನೆಯೂ ಇಲ್ಲ. ಹೆಣ್ಣಿನ ಚಿತ್ರ ಮಾತ್ರ ನಾಲ್ಕು ಗೋಡೆಗಳ ಒಳಗೇ ಉಳಿಯಿತು. ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ 1892ರಲ್ಲಿ ಪರದೆಯ ಹೆಂಗಸರಿಗೆಂದೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ನಡೆಸಲು ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯನ್ನು ನೇಮಿಸಿದ್ದರು.

ಸಾಮಾನ್ಯ ಸ್ಟುಡಿಯೋಗಳಲ್ಲಿ ನಡೆದದ್ದು ತಮಾಷೆಯ ಸಂಗತಿ. ಹೊರಗಿದ್ದ ತೋಟವನ್ನು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದು ಒಳಗೆ ತೂಗುಹಾಕಿದರು. ಕೊಳ, ಕಂಬಸಾಲು, ದೂರದಲ್ಲೊಂದು ಬೆಟ್ಟ. ನಮ್ಮ ಅಜ್ಜಿಯರು ಒಂದು ಕೈ ಸ್ಟೂಲಿನ ಮೇಲಿಟ್ಟು ಆ ತೋಟದ ಮುಂದೆಯೇ ನಿಂತದ್ದು. ಈಗ ನೀವು ಮದುಮಗಳನ್ನು ಕರೆದೊಯ್ಯುತ್ತಿರುವುದು ಆ ಪರದೆಯ ಮೇಲಿದ್ದ ತೋಟಕ್ಕೆ. ಪರದೆಯ ತೋಟದಲ್ಲಿ ಬಿಸಿಲು ಇರಲಿಲ್ಲ ಅನ್ನುವುದನ್ನು ಮರೆಯಬೇಡಿ.

ಬೆಳ್ಳಗೆ ಮಾಡುವ ಚಾಳಿ ಕಂಪ್ಯೂಟರಿನಿಂದ ಬಂದದ್ದಲ್ಲ. ಕಪ್ಪುಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸುತ್ತಿದ್ದರು. ಪೆನ್ಸಿಲ್ ತಾಗಿದ ಕಡೆ ನೆಗೆಟಿವ್ ದಟ್ಟವಾಗಿ, ಅಚ್ಚಿನಲ್ಲಿ ಕೆನ್ನೆ ತಿಳಿಯಾಗುತ್ತಿತ್ತು. ಬಣ್ಣದ ಫಿಲ್ಮು ಬಂದ ಮೇಲೆ ಇನ್ನೊಂದು ತೊಡಕು ಸೇರಿತು. ಪ್ರಿಂಟಿನ ಬಣ್ಣ ಹೊಂದಿಸಿಕೊಳ್ಳಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಬ್ಬ ಬಿಳಿಯ ಹೆಂಗಸಿನ ಚಿತ್ರ ಕಳಿಸುತ್ತಿತ್ತು. ಕಸುಬಿನವರು ಅದನ್ನು 'ಶರ್ಲಿ ಕಾರ್ಡ್' ಎನ್ನುತ್ತಿದ್ದರು. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಎಂದು ಅರ್ಥ. ಕಂದು ಚರ್ಮದವರ ವಿವರ ಕತ್ತಲಲ್ಲಿ ಮುಳುಗಿದರೆ ಯಾರೂ ಯಂತ್ರವನ್ನು ದೂರಲಿಲ್ಲ. ಕೆನಡಾದ ವಿದ್ವಾಂಸೆ ಲೋರ್ನಾ ರಾಥ್ ಈ ಕಥೆಯನ್ನು ವಿವರವಾಗಿ ಬರೆದಿದ್ದಾರೆ. ಫಿಲ್ಮು ಸುಧಾರಿಸಲು ಒತ್ತಾಯ ಹೇರಿದವರಲ್ಲಿ ಚಾಕೊಲೇಟು ತಯಾರಕರೂ ಮರದ ಪೀಠೋಪಕರಣದವರೂ ಇದ್ದರಂತೆ. ಅವರ ಸರಕಿನ ಕಂದು ಛಾಯೆಗಳು ಜಾಹೀರಾತಿನಲ್ಲಿ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಮನುಷ್ಯರ ಮುಖಕ್ಕೆ ಸಿಗದ ನ್ಯಾಯ ಬೀರುವಿಗೆ ಸಿಕ್ಕಿತು.

ಈಗ ಫಿಲ್ಮು ಹೋಗಿ ಡಿಜಿಟಲ್ ಬಂದಿದೆ. ಆದರೂ ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ಮೂಲತಃ ಹಳೆಯ ಲೆಕ್ಕವನ್ನೇ ಮಾಡುತ್ತದೆ. ಎದುರಿಗಿರುವುದೆಲ್ಲ ಸೇರಿ ನಡುಬೂದು ಬಣ್ಣ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18 ಭಾಗ ಹಿಂದಿರುಗಿಸುವ ವಸ್ತು ಎಂದು ಅದು ಭಾವಿಸುತ್ತದೆ. ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಬೆಳಕು ಹೆಚ್ಚಾಯಿತೆಂದು ತಿಳಿದು ತಗ್ಗಿಸುತ್ತದೆ, ಮುಖ ಇನ್ನಷ್ಟು ಕಪ್ಪಾಗುತ್ತದೆ. ಮುಖ ಗುರುತಿಸುವ ಹೊಸ ಕ್ಯಾಮೆರಾಗಳು ವಾಸಿ, ಆದರೆ ಅವನ್ನೂ ಕಣ್ಣುಮುಚ್ಚಿ ನಂಬಬಾರದು. ಹತ್ತಿರ ಹೋಗಿ ಮುಖದ ಮೇಲಿನ ಬೆಳಕನ್ನೇ ಅಳೆಯಿರಿ. ಅಳತೆ ಸರಿಯಾದರೆ ಎಣ್ಣೆಗೆಂಪು, ಗೋಧಿ, ಕಪ್ಪು, ಎಲ್ಲವೂ ತಮ್ಮ ತಮ್ಮ ಬಣ್ಣದಲ್ಲೇ ಬರುತ್ತವೆ.

ಅರ್ಧ ಗಂಟೆ ಸಿಕ್ಕಿದರೆ ತೋಪು ಹುಡುಕಿಕೊಂಡು ಅಲೆಯಬೇಡಿ. ಮನೆಯ ಜಗಲಿಯೇ ಸಾಕು. ಮದುಮಗಳನ್ನು ನೆರಳಿನ ಅಂಚಿನಲ್ಲಿ, ಮುಖ ಬಯಲಿನ ಕಡೆಗೆ ಮಾಡಿ ಕೂರಿಸಿ. ನೆತ್ತಿಯ ಬಿಸಿಲನ್ನು ಸೂರು ತಡೆಯುತ್ತದೆ, ಎದುರಿನ ಆಕಾಶದ ಬೆಳಕು ಕಣ್ಣಿಗಿಳಿಯುತ್ತದೆ. ಹಳೆಯ ತೊಟ್ಟಿಮನೆ ಸಿಕ್ಕರೆ ಅದೇ ಸ್ಟುಡಿಯೋ. ಗಾರೆ ನೆಲ ಕೆಂಪಗಿದ್ದರೆ ಗದ್ದಕ್ಕೆ ಕೆಂಪು ಹೊಡೆಯುತ್ತದೆ, ಹುಲ್ಲುಹಾಸಿನ ಮೇಲೆ ನಿಲ್ಲಿಸಿದರೆ ಹಸಿರು; ಎರಡಕ್ಕೂ ಕಾಲ ಬಳಿ ಬಿಳಿ ಪಂಚೆ ಹಾಸಿದರೆ ಆಯಿತು. ಇನ್ನೊಂದು ಪಂಚೆಯನ್ನು ಇಬ್ಬರು ಬಿಗಿಯಾಗಿ ಹಿಡಿದರೆ ಬೆಳಕು ತಿರುಗಿಸಲು ಬರುತ್ತದೆ. ಥರ್ಮೊಕೋಲ್ ಗಾಳಿಗೆ ನಿಲ್ಲುವುದಿಲ್ಲ. ಅರಿಸಿನ ಶಾಸ್ತ್ರದ ದಿನ ಕ್ಯಾಮೆರಾದ ಬಣ್ಣದ ಹೊಂದಾಣಿಕೆಯನ್ನು ಸ್ವಯಂಚಾಲಿತವಾಗಿ ಬಿಡಬೇಡಿ. ಚೌಕಟ್ಟಿನ ತುಂಬ ಹಳದಿ ಕಂಡರೆ ಅದು ದೋಷವೆಂದು ತಿಳಿದು ಅರಿಸಿನವನ್ನೇ ತೊಳೆದುಬಿಡುತ್ತದೆ.

ತೋಪೇ ಬೇಕೆಂದು ಮನೆಯವರು ಹಟ ಹಿಡಿದರೆ ಹಿಂದಿನ ಸಂಜೆ ಕೇಳಿಕೊಳ್ಳಿ. ಸೂರ್ಯ ಮುಳುಗುವ ಮೊದಲಿನ ಮುಕ್ಕಾಲು ಗಂಟೆ ಸಾಕು. ನಮ್ಮ ಕಡೆ ಮುಸ್ಸಂಜೆ ಬೇಗ ಕತ್ತಲಾಗುತ್ತದೆ, ಮೊದಲೇ ಜಾಗ ನೋಡಿಟ್ಟಿರಬೇಕು. ಪುರಾತತ್ವ ಇಲಾಖೆಯ ಸ್ಮಾರಕವಾದರೆ ಟ್ರೈಪಾಡ್ ಒಯ್ಯುವ ಮುನ್ನ ಅನುಮತಿ ವಿಚಾರಿಸಿ.

ಇನ್ನೊಂದು ಮಾತು. ಮದುಮಗಳನ್ನು ಒಬ್ಬಳನ್ನೇ ಕರೆದೊಯ್ಯಬೇಡಿ. ಅಕ್ಕನೋ ಸೋದರತ್ತೆಯೋ ಜೊತೆಗಿರಲಿ. ಸೆರಗು, ಜಡೆ, ಒಡವೆ ಸರಿಮಾಡುವುದು ಅವರ ಕೆಲಸ, ನಿಮ್ಮ ಕೈ ಕ್ಯಾಮೆರಾದ ಮೇಲೆಯೇ ಇರಲಿ. ಬೆಳಗಿನಿಂದ ಉಪವಾಸ ಇರುವ ಹುಡುಗಿ ಅವಳು, ನೀರು ಕೊಡಿಸಿ. ಬರಿಗಾಲಿನಲ್ಲಿ ಕಾದ ನೆಲದ ಮೇಲೆ ನಿಲ್ಲಿಸಿ 'ನಗಿ' ಎಂದರೆ ಎಲ್ಲಿಂದ ನಕ್ಕಾಳು? ಕಾಲು ಚಿತ್ರದಲ್ಲಿ ಬಾರದಿದ್ದರೆ ಚಪ್ಪಲಿ ಹಾಕಿಕೊಳ್ಳಲು ಹೇಳಿ. ಆಲ್ಬಮ್ಮಿನ ಮಾತು ಆಡುವ ದಿನವೇ, ಬಣ್ಣ ಬದಲಿಸುವುದಿಲ್ಲ ಎಂದು ಮನೆಯವರಿಗೆ ತಿಳಿಸಿಬಿಡಿ. ಕೆಲವರು ಒಪ್ಪುವುದಿಲ್ಲ, ಚೌಕಾಸಿ ಮಾಡುತ್ತಾರೆ. ಆಗ ಹುಡುಗಿಯನ್ನೇ ಕೇಳಿ, ಮುಖ ಅವಳದು.

ಹೊರಗೆ ಈಗ ನಾಲ್ಕೂವರೆಯ ಬಿಸಿಲಿದೆ. ಎರಡು ಪಂಚೆ ತಂದಿದ್ದೇನೆ, ಕ್ಯಾಮೆರಾ ಎತ್ತಿಕೊಂಡು ಬನ್ನಿ.