ಗೀಸರ್ ರಿಪೇರಿಯೋ, ಹೊಸದೋ? ಕೋಡಂಬಾಕ್ಕಂ ನೀರಿನ ಲೆಕ್ಕ

(ವಿಡಿಯೋ ಮಾತಿನ ಬರಹ ರೂಪ)

ಈ ವಾರ ನಾನು ಮಾತಾಡೋದು ಬಚ್ಚಲುಮನೆ ಗೋಡೆ ಮೇಲೆ ನೇತಾಡುವ ಆ ಬಿಳಿ ಡಬ್ಬಿಯ ಬಗ್ಗೆ. ಗೀಸರ್. ಚೆನ್ನೈಯಲ್ಲಿರುವ ನಮ್ಮ ಕನ್ನಡದವರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಒಂದೇ: "ಸಾರ್, ಬೆಂಗಳೂರಲ್ಲಿ ಹತ್ತು ವರ್ಷ ಬಂದ ಗೀಸರ್ ಇಲ್ಲಿ ನಾಲ್ಕೈದು ವರ್ಷಕ್ಕೇ ಹೋಗ್ತದಲ್ಲ, ಯಾಕೆ?"

ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ನನ್ನ ಊರು ಕುಂದಾಪುರದ ಕಡೆ. ಎಲೆಕ್ಟ್ರಿಕಲ್ ಕೆಲಸದಲ್ಲಿ ಚೆನ್ನೈಗೆ ಬಂದು, ಕೋಡಂಬಾಕ್ಕಂ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ಮಾಡಿ ಇಪ್ಪತ್ತು ವರ್ಷ ದಾಟಿತು. ಒಂದು ಕಾಲಕ್ಕೆ ಕನ್ನಡ ಸಿನಿಮಾಗಳೂ ಈ ಸುತ್ತಮುತ್ತಲ ಸ್ಟುಡಿಯೋಗಳಲ್ಲೇ ತಯಾರಾಗ್ತಿದ್ದವು. ಹಾಗಾಗಿ ಈ ಕಡೆ ಕನ್ನಡ ಮಾತು ಹೊಸದಲ್ಲ, ಹೊಸದಾಗಿ ಬರುವವರ ಗೀಸರ್ ಗೋಳೂ ನಿಂತಿಲ್ಲ.

ಗೀಸರ್ ಬೇಗ ಹಾಳಾದರೆ ಎಲ್ಲರೂ ಹೇಳುವ ಕಾರಣ "ಸಮುದ್ರದ ಉಪ್ಪು ಗಾಳಿ". ಅದು ಅರ್ಧ ಸತ್ಯ ಮಾತ್ರ. ಕೋಡಂಬಾಕ್ಕಂನಿಂದ ಮರೀನಾ ಬೀಚಿಗೆ ನೇರ ಅಳತೆಯಲ್ಲಿ ಸುಮಾರು ಆರು ಕಿಲೋಮೀಟರ್. ಬೆಸೆಂಟ್ ನಗರದಲ್ಲೋ ಸಾಂತೋಮಿನಲ್ಲೋ ಸಮುದ್ರದ ಎದುರಿಗೇ ಮನೆ ಇದ್ದರೆ ಗಾಳಿಯ ಉಪ್ಪು ದೊಡ್ಡ ವಿಷಯ. ನಮ್ಮಲ್ಲಿ ಗಾಳಿ ಹಾಳು ಮಾಡುವುದು ಹೊರಗಿನದನ್ನು: ತಗಡಿನ ಮೈ, ಸ್ಕ್ರೂ, ಗೋಡೆಗೆ ಹಾಕಿದ ಕೊಕ್ಕೆ, ಪ್ಲಗ್ಗಿನ ಪಿನ್. ಆದರೆ ಒಳಗಿನ ಟ್ಯಾಂಕನ್ನು ತಿನ್ನುವುದು ಗಾಳಿಯಲ್ಲ, ನೀರು.

ನಮ್ಮೂರಿನ ಉದಾಹರಣೆ ತಗೊಳ್ಳಿ. ಕುಂದಾಪುರವೂ ಕಡಲ ತಡಿಯೇ, ಅಲ್ಲೂ ಸೆಕೆ, ಬೆವರು, ತುಕ್ಕು ಎಲ್ಲಾ ಇದೆ. ಆದರೆ ಕೆಂಪು ಮುರಕಲ್ಲಿನ ಬಾವಿ ನೀರು ಮೆದು, ಸೋಪು ಹಚ್ಚಿದರೆ ತಕ್ಷಣ ನೊರೆ. ಬಚ್ಚಲ ಹಂಡೆಯ ಹೊರಗೆ ಮಸಿ ಹಿಡಿಯುತ್ತಿತ್ತೇ ಹೊರತು ಒಳಗೆ ಬಿಳಿ ಪದರ ಕಟ್ಟಿದ್ದನ್ನು ನಾನು ನೋಡಿದ್ದಿಲ್ಲ. ಇಲ್ಲಿ ಬೋರ್ ನೀರಿಗೆ ಜನ "ಉಪ್ಪು ತಣ್ಣಿ" ಅಂತಲೇ ಹೆಸರಿಟ್ಟಿದ್ದಾರೆ. ಬಕೆಟ್ಟಿನ ಅಂಚಲ್ಲಿ, ಶವರ್ ತೂತಲ್ಲಿ ಬಿಳಿ ಪುಡಿ ಕೂತಿರೋದು ನೋಡಿರ್ತೀರಿ. ಅದೇ ಗೀಸರ್ ಒಳಗೂ ಕೂರೋದು.

ಇನ್ನೊಂದು ತೊಡಕು: ಇಲ್ಲಿ ಮನೆಗೆ ಬರುವ ನೀರು ವರ್ಷವಿಡೀ ಒಂದೇ ಅಲ್ಲ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳಲ್ಲಿ ನೀರಿದ್ದಾಗ ಮೆಟ್ರೋ ವಾಟರ್ ಚೆನ್ನಾಗಿ ಬರ್ತದೆ. ಕಡಿಮೆಯಾದಾಗ ಅದೇ ಸಂಪಿಗೆ ಬೋರ್ ನೀರು, ಟ್ಯಾಂಕರ್ ನೀರು ಸೇರ್ತದೆ. 2019ರ ಬೇಸಿಗೆಯಲ್ಲಿ ಆ ಕೆರೆಗಳು ಒಣಗಿ, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತಂದದ್ದು ನೆನಪಿರಬಹುದು. ಆ ವರ್ಷ ಟ್ಯಾಂಕರ್ ಯಾವ ಬೋರಿಂದ ತುಂಬಿಸಿಕೊಂಡು ಬರ್ತಿತ್ತೋ, ಅದೇ ನಮ್ಮ ಗೀಸರಿನ ಹಣೆಬರಹ.

ಕುಡಿಯುವ ನೀರಿಗೆ ಬಿಐಎಸ್ ಹಾಕಿರುವ ಅಳತೆ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಕ್ಲೋರೈಡಿಗೆ ಅದೇ ರೀತಿ 250 ಮತ್ತು 1000. ನಿಮ್ಮ ಅಪಾರ್ಟ್‌ಮೆಂಟಿನ ನೀರನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ಈ ಎರಡು ಅಂಕಿ ತಿಳ್ಕೊಳ್ಳಿ. ಗಡಸು ಎಲಿಮೆಂಟಿನ ಶತ್ರು, ಕ್ಲೋರೈಡ್ ಟ್ಯಾಂಕಿನ ಶತ್ರು. ಎರಡೂ ಬೇರೆ ಬೇರೆ ಕಾಯಿಲೆ.

ಈಗ ನಮ್ಮ ಮನೆಯ ಸಂಗತಿ. ಕೆಲವು ವರ್ಷದ ಹಿಂದೆ, ಡಿಸೆಂಬರಿನ ಮಳೆ ದಿನ. ಅಮ್ಮ ಊರಿಂದ ಬಂದಿದ್ರು, ಎಪ್ಪತ್ತಾರು ವಯಸ್ಸು. ಬೆಳಿಗ್ಗೆ ಬಚ್ಚಲಿಂದ ಕೂಗಿದ್ರು, "ಮಗಾ, ನಲ್ಲಿ ಮುಟ್ರೆ ಕೈ ಜುಂ ಅಂತ್!" ನಾನು ಬಚ್ಚಲಿಗೆ ಓಡಲಿಲ್ಲ, ಮೊದಲು ಮೇನ್ ಆಫ್ ಮಾಡಿದೆ. ಆಮೇಲೆ ಅಮ್ಮನನ್ನು ಹೊರಗೆ ಕರೆದೆ. ಇದೇ ಕ್ರಮ ನೀವೂ ಇಟ್ಕೊಳ್ಳಿ. "ಹೌದಾ, ನೋಡೋಣ" ಅಂತ ಇನ್ನೊಬ್ಬರು ನಲ್ಲಿ ಮುಟ್ಟಿ ಪರೀಕ್ಷೆ ಮಾಡೋದು ಬೇಡವೇ ಬೇಡ. ಒದ್ದೆ ಮೈ, ಒದ್ದೆ ನೆಲ, ವಯಸ್ಸಾದ ಹೃದಯ. ಜುಂ ಅನ್ನುವುದಕ್ಕೂ ಜೀವ ಹೋಗುವುದಕ್ಕೂ ನಡುವೆ ಹೆಚ್ಚು ಅಂತರ ಇಲ್ಲ.

ಕಂಪನಿ ಸರ್ವಿಸ್ ಅಂತ ಬಂದ ಹುಡುಗ ಐದು ನಿಮಿಷ ನೋಡಿ "ಟ್ಯಾಂಕ್ ಹೋಗಿದೆ, ಹೊಸದು ಹಾಕಿ" ಅಂದ. ಬಿಚ್ಚಿಯೂ ನೋಡಲಿಲ್ಲ. ಟ್ಯಾಂಕ್ ಹೋದರೆ ನೀರು ಸೋರ್ಬೇಕು, ಶಾಕ್ ಹೊಡೆಯೋದಕ್ಕೆ ಕಾರಣ ಬೇರೆ. ನಾನು ಗೊತ್ತಿರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೆಗ್ಗರ್ ಇಟ್ಟು ಎಲಿಮೆಂಟ್ ಪರೀಕ್ಷೆ ಮಾಡಿಸಿದೆ. ಎಲಿಮೆಂಟ್ ಹೊರಗೆ ಎಳೆದಾಗ ಬೆರಳು ದಪ್ಪ ಸುಣ್ಣ. ಸುಣ್ಣ ಕಟ್ಟಿದರೆ ಒಳಗಿನ ಶಾಖ ನೀರಿಗೆ ಹೋಗೋದಿಲ್ಲ, ಕೊಳವೆ ಅತಿಯಾಗಿ ಕಾಯ್ತದೆ, ಸೀಳು ಬಿಡ್ತದೆ. ಆ ಸೀಳಿನಿಂದ ಕರೆಂಟ್ ನೀರಿಗೆ.

ಆದರೆ ಕೇಳಬೇಕಾದ ದೊಡ್ಡ ಪ್ರಶ್ನೆ ಇದು: ಕರೆಂಟ್ ನೀರಿಗೆ ಇಳಿದರೂ ಅದು ನಲ್ಲಿಯ ತನಕ ಯಾಕೆ ಬಂತು? ಗೀಸರಿನ ಅರ್ತಿಂಗ್ ಸರಿ ಇದ್ದಿದ್ದರೆ ಅಲ್ಲೇ ಭೂಮಿಗೆ ಹೋಗ್ಬೇಕಿತ್ತು. ಸಾಕೆಟ್ ಬಿಚ್ಚಿದರೆ ಅರ್ತ್ ತಂತಿಯ ತುದಿ ಹಸಿರು ಕಿಲುಬು ಹಿಡಿದು ಬಿಟ್ಟುಕೊಂಡಿತ್ತು. ಇದು ನೋಡಿ ಕಡಲ ಗಾಳಿಯ ನಿಜವಾದ ಕೆಲಸ. ಹಳೆಯ ಕಟ್ಟಡ, ಬೋರ್ಡಿನಲ್ಲಿ ಆರ್‌ಸಿಸಿಬಿಯೂ ಇರಲಿಲ್ಲ. ಎಂಸಿಬಿ ಇತ್ತು, ಆದರೆ ಅದು ಬಿದ್ದಿರಲಿಲ್ಲ. ಯಾಕಂದ್ರೆ ಎಂಸಿಬಿ ಕಾಯೋದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ದಾಟಿದರೆ ಅದಕ್ಕೆ ಎಚ್ಚರ. ಮನುಷ್ಯನಿಗೆ ಅದರ ನೂರರಲ್ಲಿ ಒಂದು ಭಾಗವೂ ಬೇಡ. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ.

ಹಾಗಾಗಿ ನಾವು ಖರ್ಚು ಮಾಡಿದ ಕ್ರಮ ಹೀಗೆ: ಮೊದಲು ಅರ್ತಿಂಗ್, ಆಮೇಲೆ ಆರ್‌ಸಿಸಿಬಿ, ಮೂರನೆಯದು ಗೀಸರ್. ನೀವು ಎಷ್ಟೇ ದುಬಾರಿಯ ಹೊಸ ಗೀಸರ್ ತಂದರೂ, ಮೊದಲ ಎರಡು ಇಲ್ಲದಿದ್ದರೆ ಅದೇ ಅಪಾಯ ಹೊಸ ಡಬ್ಬಿಯಲ್ಲಿ ಕೂತಿರ್ತದೆ.

ಟ್ಯಾಂಕ್ ಸೋರ್ತಿರಲಿಲ್ಲ, ಆದ್ದರಿಂದ ಎಲಿಮೆಂಟ್, ಗ್ಯಾಸ್ಕೆಟ್, ಆನೋಡ್ ಮೂರನ್ನೂ ಬದಲಿಸಿದೆವು. ಆನೋಡ್ ಅಂದ್ರೆ ಏನು? ಟ್ಯಾಂಕ್ ಒಳಗೆ ಇಳಿಬಿಟ್ಟಿರುವ ಮೆಗ್ನೀಸಿಯಂ ಕಡ್ಡಿ. ನೀರಿನ ಉಪ್ಪು ಟ್ಯಾಂಕಿನ ಉಕ್ಕನ್ನು ತಿನ್ನುವ ಬದಲು ಇದನ್ನು ತಿನ್ನಲಿ ಅಂತ ಇಟ್ಟ ಬಲಿ. ಉಪ್ಪು ಹೆಚ್ಚಿದ್ದಷ್ಟೂ ಬೇಗ ಕರಗ್ತದೆ. ನಮ್ಮ ಮನೆಯದರಲ್ಲಿ ಕಡ್ಡಿ ಕರಗಿ ನಡುವಿನ ತಂತಿ ಮಾತ್ರ ಉಳಿದಿತ್ತು. ಇಲ್ಲಿನ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ಹೊಸ ಗೀಸರಿನ ಬೆಲೆಯ ಮುಂದೆ ಆ ಕಡ್ಡಿಯ ಬೆಲೆ ಏನೂ ಅಲ್ಲ.

ಈಗ ನಿಮ್ಮ ಗೀಸರ್ ರಿಪೇರಿಯೋ, ಹೊಸದೋ ಅಂತ ತೀರ್ಮಾನ ಮಾಡೋದು ಹೇಗೆ? ಲಕ್ಷಣ ಹೇಳ್ತೀನಿ.

ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳ್ತದಾ? ಹೆಚ್ಚಾಗಿ ಎಲಿಮೆಂಟ್. ರಿಪೇರಿ. ದೀಪ ಉರೀತದೆ, ನೀರು ಬಿಸಿಯಾಗಲ್ಲ? ಎಲಿಮೆಂಟ್ ಕಡಿದಿದೆ ಅಥವಾ ಕಟ್‌ಔಟ್ ಬಿದ್ದಿದೆ. ರಿಪೇರಿ. ನೀರು ಕೊತಕೊತ ಕುದಿದು ನಲ್ಲಿಯಲ್ಲಿ ಹಬೆ ಬರ್ತದಾ? ಥರ್ಮೋಸ್ಟಾಟ್ ಕೆಟ್ಟಿದೆ, ಕೂಡಲೇ ಆಫ್ ಮಾಡಿ, ಬದಲಿಸುವ ತನಕ ಹಾಕ್ಬೇಡಿ. ಕಟ್‌ಔಟ್ ಬಟನ್ ಒತ್ತಿ ಒತ್ತಿ ಓಡಿಸೋದು ಬೇಡ. ಬಿಸಿಯಾಗಲು ತುಂಬಾ ಹೊತ್ತು, ಒಳಗೆ ಕಟಕಟ ಸದ್ದು? ಸುಣ್ಣ. ಕರೆಂಟ್ ತೆಗೆದು, ನೀರು ಖಾಲಿ ಮಾಡಿ, ಸಿಟ್ರಿಕ್ ಆಸಿಡ್ ನೀರಲ್ಲಿ ಎಲಿಮೆಂಟ್ ನೆನೆಸಿ ತೊಳೆಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕೋಕೆ ಬಿಡ್ಬೇಡಿ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತೆ.

ಸೋರಿಕೆ ಇದ್ದರೆ ಎಲ್ಲಿಂದ ಅಂತ ನೋಡ್ಬೇಕು. ಕರೆಂಟ್ ತೆಗೆದು, ಚೆನ್ನಾಗಿ ಒರೆಸಿ, ಜಾಯಿಂಟುಗಳಿಗೆ ಒಂದೊಂದು ತುಂಡು ನ್ಯೂಸ್‌ಪೇಪರ್ ಸುತ್ತಿ. ಅರ್ಧ ಗಂಟೆ ಬಿಟ್ಟು ಯಾವುದು ಒದ್ದೆಯೋ ಅದೇ ಜಾಗ. ಪೈಪ್ ಜಾಯಿಂಟ್, ಗ್ಯಾಸ್ಕೆಟ್ ಆದರೆ ರಿಪೇರಿ. ಪೇಪರೆಲ್ಲಾ ಒಣಗಿದ್ದು, ಡಬ್ಬಿಯ ತಳದಿಂದ ಕಂದು ನೀರು ತೊಟ್ಟಿಕ್ಕಿದರೆ ಟ್ಯಾಂಕ್ ಹೋಯ್ತು. ಅದಕ್ಕೆ ವೆಲ್ಡಿಂಗು, ಎಂಸೀಲು ಯಾವುದೂ ಬೇಡ. ಹೊಸದೇ ಸರಿ. ಇನ್ನೊಂದು ಸುಲಭ ಪರೀಕ್ಷೆ: ಬಿಳಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಿಡೀರಿ. ಎರಡೂ ಕೆಂಪಾದರೆ ಕಟ್ಟಡದ ಪೈಪಿನ ತುಕ್ಕು. ಬಿಸಿ ಮಾತ್ರ ಕೆಂಪಾದರೆ ಗೀಸರಿನ ಟ್ಯಾಂಕ್ ದಿನ ಎಣಿಸ್ತಿದೆ.

ವಾಲ್ವಿನ ಬಗ್ಗೆ ಒಂದು ಎಚ್ಚರ. ಸೇಫ್ಟಿ ವಾಲ್ವಿಂದ ಹನಿ ಹನಿ ನೀರು ಬಿದ್ದರೆ ಕೆಲವು ಪ್ಲಂಬರ್‌ಗಳು ಅಲ್ಲಿಗೆ ಡಮ್ಮಿ ಹಾಕಿ ಬಂದ್ ಮಾಡ್ತಾರೆ. ದಯವಿಟ್ಟು ಬಿಡ್ಬೇಡಿ. 15 ಲೀಟರ್ ನೀರು 28 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಹಿಂದಕ್ಕೆ ಹೋಗದಂತೆ ವಾಲ್ವ್ ಇರೋದರಿಂದ ಅದು ಎಲ್ಲಾದರೂ ಹೊರಗೆ ಬರ್ಬೇಕು. ಕಾಯುವಾಗ ಮಾತ್ರ ಹನಿದರೆ ವಾಲ್ವ್ ತನ್ನ ಕೆಲಸ ಮಾಡ್ತಿದೆ ಅಂತ ಅರ್ಥ. ದಿನವಿಡೀ ಸುರಿದರೆ ವಾಲ್ವ್ ಬದಲಿಸಿ, ಮುಚ್ಚಬೇಡಿ. ಮುಚ್ಚಿದ ಗೀಸರ್ ಬಾಂಬಿಗೆ ಸಮ.

ನಮ್ಮ ಹಳೇ ಗೀಸರ್ ಆ ರಿಪೇರಿ ಆದ ಮೇಲೆ ಎರಡು ವರ್ಷ ಓಡಿತು. ಆಮೇಲೆ ತಳದಿಂದ ಕಂದು ನೀರು. ಆಗ ಬಂದ ಪ್ರಶ್ನೆ ದುಡ್ಡು ಯಾರದ್ದು ಅಂತ. ಮನೆ ಓನರ್ ಮಾಮಿ ಮೊದಲು, "ಉಪಯೋಗಿಸೋರು ನೀವು, ನೀವೇ ಹಾಕ್ಕೊಳ್ಳಿ" ಅಂದ್ರು. ನಾನು ಹೇಳಿದೆ, "ಮಾಮಿ, ನಾನು ಖಾಲಿ ಮಾಡಿದ ಮೇಲೆ ಬರೋರ ಮನೆಯಲ್ಲೂ ವಯಸ್ಸಾದವರು, ಮಕ್ಕಳು ಇರ್ತಾರೆ. ಗೋಡೆಗೆ ಅಂಟಿದ್ದು ನಿಮ್ಮದು, ಸವೆಯೋದು ನನ್ನದು." ಕೊನೆಗೆ ಒಪ್ಪಂದ ಆಯ್ತು: ಗೀಸರ್, ವೈರಿಂಗ್ ಅವರ ಖರ್ಚು, ವರ್ಷದ ಕ್ಲೀನಿಂಗು, ಆನೋಡು ನನ್ನ ಖರ್ಚು. ಬಾಡಿಗೆ ಪತ್ರದಲ್ಲಿ ಒಂದು ಸಾಲು ಬರೆಸಿದೆವು. ಬಾಡಿಗೆ ಮನೆಯವರು ಒಳಗೆ ಹೋಗುವ ಮೊದಲೇ ಈ ಮಾತು ಆಡಿ ಮುಗಿಸಿ. ಶಾಕ್ ಹೊಡೆದ ಮೇಲೆ ಜಗಳ ಆಡಿ ಪ್ರಯೋಜನ ಇಲ್ಲ.

ಹೊಸದು ತಗೊಳ್ಳುವಾಗ ಏನು ನೋಡ್ಬೇಕು? ಐಎಸ್‌ಐ ಗುರುತು, ಸ್ಟಾರ್ ಲೇಬಲ್ ಇರಲೇಬೇಕು. ಹೊರ ಮೈ ಪ್ಲಾಸ್ಟಿಕ್ಕಿಂದು ಇರಲಿ, ತಗಡು ಈ ಸೆಕೆಗೆ ಬಾಳೋದಿಲ್ಲ. ಟ್ಯಾಂಕ್ ಸ್ಟೇನ್‌ಲೆಸ್ ಸ್ಟೀಲ್ ಅಂದ ಕೂಡಲೇ ನಿಶ್ಚಿಂತೆ ಅಂದ್ಕೋಬೇಡಿ. ಕ್ಲೋರೈಡ್ ಹೆಚ್ಚಿರುವ ಬಿಸಿನೀರು ಸ್ಟೀಲಿನಲ್ಲೂ, ಅದರಲ್ಲೂ ವೆಲ್ಡಿಂಗ್ ಜಾಗದಲ್ಲಿ, ಸೂಜಿ ಮೊನೆಯಂಥ ತೂತು ಕೊರೀತದೆ. ಉಪ್ಪು ನೀರಿಗೆ ಗಾಜಿನ ಲೇಪದ ಟ್ಯಾಂಕ್, ಒಳ್ಳೆ ದಪ್ಪದ ಆನೋಡ್ ನನ್ನ ಆಯ್ಕೆ. ವಾರಂಟಿ ಕಾರ್ಡಿನಲ್ಲಿ ನೀರಿನ ಗಡಸಿನ ಷರತ್ತು ಏನಿದೆ ಅಂತ ಅಂಗಡಿಯಲ್ಲೇ ಓದಿ. ತುಂಬಿದ 15 ಲೀಟರ್ ಗೀಸರ್ ಸುಮಾರು 25 ಕಿಲೋ ತೂಗ್ತದೆ. ಹಳೆ ತುಕ್ಕು ಕೊಕ್ಕೆಗೇ ಹೊಸದನ್ನು ನೇತುಹಾಕಬೇಡಿ.

ದೊಡ್ಡದು ಬೇಕಾ? ಚೆನ್ನೈಗೆ ಬೇಡ. ನಲ್ಲಿ ನೀರೇ 28 ಡಿಗ್ರಿ ಆಸುಪಾಸು ಇರ್ತದೆ. 15 ಲೀಟರನ್ನು 50 ಡಿಗ್ರಿಗೆ ಕಾಯಿಸಲು ಎರಡು ಕಿಲೋವಾಟ್ ಗೀಸರಿಗೆ ಹನ್ನೆರಡು ನಿಮಿಷ ಸಾಕು, ಕರೆಂಟು ಅರ್ಧ ಯೂನಿಟ್ ಕೂಡ ಆಗಲ್ಲ. ಅದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು 27 ಲೀಟರ್ ಸಿಗ್ತದೆ. ಒಬ್ಬರ ಸ್ನಾನಕ್ಕೆ ಧಾರಾಳ. ಥರ್ಮೋಸ್ಟಾಟ್ 50ರಲ್ಲಿಟ್ಟರೆ ಸುಣ್ಣವೂ ನಿಧಾನ, ಬಿಲ್ಲೂ ಕಡಿಮೆ. ಒಂದೇ ಒಂದು ವಿನಾಯಿತಿ: ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಟ್ಟದೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಮಳೆಗಾಲದಲ್ಲಿ ಮತ್ತೆ ಶುರು ಮಾಡುವಾಗ ಆ ನೀರು ಪೂರ್ತಿ ಚೆಲ್ಲಿ, ಹೊಸ ನೀರು ತುಂಬಿ, ಒಮ್ಮೆ 60ಕ್ಕೆ ಕಾಯಿಸಿ ಬಿಡಿ. ನೀರು ಬರ್ತಿದೆಯಾ ಅಂತ ನಲ್ಲಿ ತಿರುಗಿಸಿ ನೋಡಿಯೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಲ್ಲಿ ಎಲಿಮೆಂಟ್ ನಿಮಿಷದಲ್ಲಿ ಸುಟ್ಟು ಹೋಗ್ತದೆ.

ಈ ಮಾತು ಕೇಳಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆ ಬೋರ್ಡಿನ ಹತ್ತಿರ ಹೋಗಿ. ಆರ್‌ಸಿಸಿಬಿ ಇದ್ದರೆ ಅದರಲ್ಲಿ ಟಿ ಅಂತ ಬರೆದ ಪುಟ್ಟ ಬಟನ್ ಇರ್ತದೆ, ಒತ್ತಿ. ಟಕ್ ಅಂತ ಬಿದ್ದರೆ ಸರಿ, ತಿಂಗಳಿಗೊಮ್ಮೆ ಹೀಗೇ ಒತ್ತಿ ನೋಡಿ. ಬೀಳದಿದ್ದರೆ, ಅಥವಾ ಆ ಬಟನ್ನೇ ಇಲ್ಲದಿದ್ದರೆ, ನಾಳೆ ಬೆಳಿಗ್ಗೆ ಗೀಸರ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ. ಮುಂದಿನ ವಾರ ಓವರ್‌ಹೆಡ್ ಟ್ಯಾಂಕ್ ತೊಳೆಯುವ ಬಗ್ಗೆ ಮಾತಾಡೋಣ. ನಮಸ್ಕಾರ.