ಮನೆಗಳಿಲ್ಲದ ಊರಿಗೆ ಇಬ್ಬರು ಪ್ರತಿನಿಧಿಗಳು



ಮತದಾನ ನಡೆದ ಮಾತ್ರಕ್ಕೆ ಅದನ್ನು ಪ್ರಜಾಪ್ರಭುತ್ವವೆನ್ನಬಹುದೇ? 18ನೇ ಶತಮಾನದ ಇಂಗ್ಲೆಂಡಿನತ್ತ ಒಮ್ಮೆ ನೋಡಿರಿ. ಅಲ್ಲಿ ಓಲ್ಡ್ ಸಾರಮ್ ಎಂಬ ಕ್ಷೇತ್ರವಿತ್ತು. ಊರು ಪಾಳುಬಿದ್ದು ಶತಮಾನಗಳೇ ಕಳೆದಿದ್ದವು. ಆದರೂ ಅದು ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಸಾವಿರಾರು ಜನರಿದ್ದ ಮ್ಯಾಂಚೆಸ್ಟರಿಗೆ ಒಬ್ಬ ಸದಸ್ಯನೂ ಇರಲಿಲ್ಲ.

ಓಲ್ಡ್ ಸಾರಮ್‌ನಲ್ಲಿ ಮತದ ಹಕ್ಕು ಅಂಟಿಕೊಂಡಿದ್ದುದು ನಿವೇಶನಗಳಿಗೆ. ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಪಿಟ್ 1691ರಲ್ಲಿ ಆ ನೆಲವನ್ನು ಖರೀದಿಸಿದನು. ನೆಲದೊಂದಿಗೆ ಮತಗಳೂ ಆತನ ಕುಟುಂಬದ ಸೊತ್ತಾದವು. 1735ರಲ್ಲಿ ಮೊಮ್ಮಗ ವಿಲಿಯಂ ಪಿಟ್ ಸಂಸತ್ತನ್ನು ಪ್ರವೇಶಿಸಿದ್ದು ಇದೇ ಬಾಗಿಲಿನಿಂದ. ಅಣ್ಣ ತನಗೆ ಬೇರೊಂದು ಕ್ಷೇತ್ರವನ್ನು ಉಳಿಸಿಕೊಂಡು ಇದನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದನು. ವಿಪರ್ಯಾಸವೆಂದರೆ, 1766ರಲ್ಲಿ ಇಂತಹ ಕ್ಷೇತ್ರಗಳನ್ನು ಸಂವಿಧಾನದ ಕೊಳೆತ ಭಾಗವೆಂದು ಕರೆದವನೂ ಈ ವಿಲಿಯಂ ಪಿಟ್ಟನೇ!

ಜನವಸತಿಯಿದ್ದ ಅನೇಕ ಪಟ್ಟಣಗಳ ಸ್ಥಿತಿಯೂ ಬಹಳ ಭಿನ್ನವಾಗಿರಲಿಲ್ಲ. ಮತವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ತಾನಿರುವ ಮನೆಯೇ ಊರ ಪ್ರಭುವಿನದಾಗಿರುವಾಗ ಬಾಡಿಗೆದಾರನು ಆತನ ಅಭ್ಯರ್ಥಿಯ ವಿರುದ್ಧ ಬಾಯಿ ತೆರೆದಾನೇ?

1832ರ ಸುಧಾರಣಾ ಕಾಯ್ದೆಯು ಓಲ್ಡ್ ಸಾರಮ್ ಸಹಿತ 56 ಕ್ಷೇತ್ರಗಳನ್ನು ರದ್ದುಗೊಳಿಸಿತು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಮತದ ಹಕ್ಕಿನಷ್ಟೇ ಅದನ್ನು ನಿರ್ಭೀತವಾಗಿ ಚಲಾಯಿಸುವ ಹಕ್ಕೂ ಮುಖ್ಯವೆಂದು ಒಪ್ಪಲು ಆ ದೇಶಕ್ಕೆ ಅಷ್ಟು ಕಾಲ ಬೇಕಾಯಿತು.