ಕ್ಯಾಮೆರಾಕ್ಕ ಮುಖ ಹ್ಯಾಂಗ ಸಿಗತೈತಿ?



ಹೋದ ಜಯಂತಿ ಮೆರವಣಿಗೆಯ ಫೋಟೊ ನೀವೆಲ್ಲ ನೋಡೀರಿ. ಹಿಂದಿನ ಲೈಟಿನ ಸರ ಸ್ವಚ್ಛ ಬಂದಾವ, ಮುಂದ ನಡೆದ ನಮ್ಮ ಅವ್ವಂದಿರ ಮುಖ ಮಸುಕು. ತೆಗೆದವರನ್ನು ಕೇಳಿದ್ರ, "ಮುಖ ಕಪ್ಪಿದ್ರ ಫೋಕಸ್ ಹಿಡಿಯಂಗಿಲ್ಲ" ಅಂದ್ರು. ಆ ಮಾತು ಅರ್ಧ ಸುಳ್ಳು.

ಒಂದು ಬೆರಳು ಮುಖದ ಮುಂದ ಹಿಡೀರಿ. ಎಡಗಣ್ಣು ಮುಚ್ಚಿ ನೋಡ್ರಿ, ಆಮ್ಯಾಲ ಬಲಗಣ್ಣು. ಹಿಂದಿನ ಗೋಡೆ ಮ್ಯಾಲ ಬೆರಳು ಜಿಗಿದಂಗ ಕಾಣತೈತಿ, ಹೌದಲ್ಲ? ಮಿರರ್‌ಲೆಸ್ ಕ್ಯಾಮೆರಾದ ಲೆಕ್ಕವೂ ಇದೇ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್‌ಗೆ ಬೇರೆ ಸೆನ್ಸರ್ ಇತ್ತು, ಕನ್ನಡಿ ಅದಕ್ಕೆ ಬೆಳಕು ಕಳಿಸುತ್ತಿತ್ತು. ಈಗ ಕನ್ನಡಿ ಇಲ್ಲ. ಚಿತ್ರ ಹಿಡಿಯುವ ಸೆನ್ಸರಿನಲ್ಲೇ ಕೆಲವು ಪಿಕ್ಸೆಲ್ ಲೆನ್ಸಿನ ಎಡಬದಿಯ ಬೆಳಕನ್ನು, ಕೆಲವು ಬಲಬದಿಯದನ್ನು ನೋಡುತ್ತವೆ. ಎರಡೂ ಚಿತ್ರ ಒಂದರ ಮೇಲೊಂದು ಕೂತರೆ ಫೋಕಸ್ ಸರಿ. ಸರಿದಿದ್ದರೆ, ಯಾವ ಕಡೆ ಎಷ್ಟು ಸರಿದಿದೆ ಎಂಬುದರಿಂದಲೇ ಲೆನ್ಸನ್ನು ಎತ್ತ ಎಷ್ಟು ಓಡಿಸಬೇಕೆಂದು ತಿಳಿಯುತ್ತದೆ. 2008ರ ಪ್ಯಾನಾಸೋನಿಕ್ ಜಿ1ಕ್ಕ ಈ ಉಪಾಯ ಇರಲಿಲ್ಲ. ಲೆನ್ಸ್ ಹಿಂದ-ಮುಂದ ಮಾಡಿ, ಚಿತ್ರ ಎಲ್ಲಿ ಚೂಪಾಗತೈತಿ ಅಂತ ತಡಕಾಡಬೇಕಿತ್ತು.

ಎರಡೂ ದಾರಿಗೆ ಬೇಕಾದ್ದು ಬೆಳಕು-ನೆರಳಿನ ಗೆರೆ. ಬರೀ ಬಿಳೀ ಗೋಡೆಗೂ ಫೋಕಸ್ ಕೂಡಂಗಿಲ್ಲ! ನಮ್ಮ ನೀಲಿ ಬಾವುಟದ ಬಟ್ಟೆ ಮ್ಯಾಲ ತಡವರಿಸತೈತಿ, ಚಕ್ರದ ಅಂಚಿಗೆ ಹಿಡಿದ್ರ ತಟ್ಟನೆ ಕೂಡತೈತಿ. ಅವ್ವಂದಿರ ಮುಖದ ಮ್ಯಾಲ ಬೆಳಕೇ ಬಿದ್ದಿರಲಿಲ್ಲ, ಬೆಳಕೆಲ್ಲ ಹಿಂದಿತ್ತು.

ಇನ್ನರ್ಧ ಬೇರೆ ಐತಿ. ಇದು ಮುಖ ಅಂತ ಗುರುತಿಸೋದು ಸಾಫ್ಟ್‌ವೇರ್. ಅದಕ್ಕ ಫೋಟೊ ತೋರಿಸಿ ತೋರಿಸಿ ಕಲಿಸಿರ್ತಾರ. ಅಮೆರಿಕದ ಎಂಐಟಿಯಲ್ಲಿ ಜಾಯ್ ಬುವೊಲಾಮ್ವಿನಿ ಎಂಬ ಕಪ್ಪು ವಿದ್ಯಾರ್ಥಿನಿಯ ಮುಖವನ್ನು ಅಂಥದೊಂದು ಕಂಪ್ಯೂಟರ್ ಸಾಫ್ಟ್‌ವೇರ್ ಮುಖವೆಂದೇ ಗುರುತಿಸಲಿಲ್ಲ. ಆಕೆ ಬಿಳೀ ಮುಖವಾಡ ಹಾಕ್ಕೊಂಡ್ಳು, ಆಗ ಗುರುತಿಸ್ತು. ಇಂಥ ಸಾಫ್ಟ್‌ವೇರ್ ಪರೀಕ್ಷಿಸುವ ಫೋಟೊ ರಾಶಿಗಳಲ್ಲಿ ತಿಳಿಬಣ್ಣದ ಮುಖಗಳೇ ಹೆಚ್ಚೆಂದು ಆಕೆ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಲೆಕ್ಕ ಸಮೇತ ತೋರಿಸಿದರು. ಕಪ್ಪು ಬಣ್ಣಕ್ಕ ತಪ್ಪು ಹೊರಿಸೋರು ಇದನ್ನ ಓದಬೇಕು.

ಈ ಸಲ ಕ್ಯಾಮೆರಾ ನಮ್ಮ ಹುಡುಗರ ಕೈಯಾಗ ಐತಿ. ಮುಖ ಸಿಗಲಿಲ್ಲಂದ್ರ ಅದು ತನಗ ಸುಲಭ ಕಂಡ ಲೈಟಿಗೆ ಓಡಬಹುದು. ಬಿಡಬ್ಯಾಡ್ರಿ. ಸಣ್ಣ ಫೋಕಸ್ ಪಾಯಿಂಟ್ ಇಟ್ಟು ಕಣ್ಣಿನ ಅಂಚಿಗೆ ಹಿಡೀರಿ, ಆಗದಿದ್ರ ಕುತ್ತಿಗೆ ಹತ್ರದ ಸೆರಗಿನ ಅಂಚಿಗೆ. ಗೆರೆ ಅಡ್ಡ ಇದ್ರ ಕ್ಯಾಮೆರಾ ತುಸು ಓರೆ ಮಾಡ್ರಿ. ಎಡ-ಬಲ ನೋಡೋ ಪಿಕ್ಸೆಲಿಗೆ ನಿಂತ ಗೆರೆ ಲಗೂನ ಸಿಗತೈತಿ. ಒಬ್ಬ ತಮ್ಮ ಎಲ್‌ಇಡಿ ದೀಪ ಹಿಡಿದು ಮುಂದ ನಡೀಲಿ. ಮೊದಲು ಅವ್ವಂದಿರ ಸಾಲು ತೆಗೀರಿ, ಡಿಜೆ ಗಾಡಿ ಆಮ್ಯಾಲ.